ಕೋಡಿಬೆಂಗ್ರೆಯ ದಡ ಅಳೆಯಲು ಮೂರು ದಾರಿ: ನಕ್ಷೆ, ಉಪಗ್ರಹ, ನಡಿಗೆ

ಭೂಗೋಳಶಾಸ್ತ್ರದ ಸ್ನಾತಕೋತ್ತರ ಪ್ರಬಂಧಕ್ಕಾಗಿ ನಾನು ಉಡುಪಿ ಬಳಿಯ ಕೋಡಿಬೆಂಗ್ರೆಯನ್ನು ಆರಿಸಿಕೊಂಡೆ. ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ತೆಂಕಣಕ್ಕೆ, ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಸಮುದ್ರ ಇರುವ ಕಿರಿದಾದ ಮರಳಿನ ಪಟ್ಟಿ ಅದು. ಅಲ್ಲಿನ ದಡ ಎಷ್ಟು ಸರಿದಿದೆ ಎಂದು ತಿಳಿಯಲು ಮೂರು ವಿಧಾನಗಳನ್ನು ಬಳಸಿ ನೋಡಿದೆ.

ಮೊದಲನೆಯದು ಭಾರತೀಯ ಸರ್ವೇಕ್ಷಣಾ ಇಲಾಖೆಯ ಟೋಪೋಶೀಟ್, ಅಂದರೆ ನೆಲದ ವಿವರಗಳ ಮುದ್ರಿತ ನಕ್ಷೆ. ಹಳೆಯ ದಡದ ದಾಖಲೆಯಾಗಿ ಅದು ಬೇಕೇ ಬೇಕು. ಆದರೆ 1:50,000 ಪ್ರಮಾಣದಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 25 ಮೀಟರ್ ಆಗುವುದರಿಂದ, ಹತ್ತಿಪ್ಪತ್ತು ಮೀಟರಿನ ಕೊರೆತದ ಬಗ್ಗೆ ಅದನ್ನು ಕೇಳುವಂತಿಲ್ಲ.

ಉಪಗ್ರಹ ಚಿತ್ರಗಳ ಮೇಲೆ ನನಗೆ ಬಹಳ ಭರವಸೆಯಿತ್ತು. 1972ರಲ್ಲಿ ಆರಂಭವಾದ ಲ್ಯಾಂಡ್‌ಸ್ಯಾಟ್ ಸರಣಿಯ ಚಿತ್ರಗಳು 2008ರಿಂದ ಉಚಿತವಾಗಿ ಸಿಗುತ್ತವೆ, ಆದರೆ ಅದರ ಈಗಿನ ಚಿತ್ರಗಳಲ್ಲಿಯೂ ಸಾಮಾನ್ಯವಾಗಿ ಒಂದು ಚುಕ್ಕೆ (ಪಿಕ್ಸೆಲ್) ಎಂದರೆ ನೆಲದ ಮೇಲೆ 30 ಮೀಟರ್. 2015ರಲ್ಲಿ ಹಾರಿದ ಸೆಂಟಿನೆಲ್-2 ಅದನ್ನು 10 ಮೀಟರಿಗೆ ಇಳಿಸಿತು. ಅದರ ಫೆಬ್ರವರಿ ಮತ್ತು ಏಪ್ರಿಲ್ ಚಿತ್ರಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಒಂದರ ಮೇಲೊಂದು ಇಟ್ಟಾಗ ದಡ ಸುಮಾರು ಎರಡು ಚುಕ್ಕೆಯಷ್ಟು ಹಿಂದೆ ಸರಿದಂತೆ ಕಂಡಿತು, ನಾನು ಅದನ್ನು ಕೊರೆತವೆಂದೇ ಬರೆದುಬಿಟ್ಟೆ. ಅದು ತಪ್ಪಾಗಿತ್ತು. ಉಪಗ್ರಹ ಪ್ರತಿ ಬಾರಿಯೂ ಬೆಳಗಿನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹಾದುಹೋಗುತ್ತದೆ, ಆದರೆ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಎರಡು ಚಿತ್ರಗಳಲ್ಲಿ ನೀರಿನ ಮಟ್ಟ ಒಂದೇ ಇರುವುದಿಲ್ಲ. ಇಪ್ಪತ್ತು ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ದಡದಲ್ಲಿ ನೀರು ಒಂದು ಮೀಟರ್ ಏರಿದರೆ ಅಂಚು 20 ಮೀಟರ್ ಒಳಗೆ ಬರುತ್ತದೆ, ಮರಳು ಒಂದು ಹಿಡಿಯೂ ಹೋಗಿರುವುದಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು: ಕಡಲ್ಕೊರೆತ ನಿಜವಾಗಿ ನಡೆಯುವ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕರಾವಳಿಯ ಮೇಲೆ ಮೋಡ ಕವಿದಿರುತ್ತದೆ, ಚಿತ್ರದಲ್ಲಿ ಬಿಳುಪು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಕೊನೆಗೆ ಮೊಬೈಲಿನ ಜಿಪಿಎಸ್ ಹಿಡಿದು ನಡೆದೆ. ನಾಲ್ಕೈದು ಮೀಟರಿನ ತಪ್ಪು ಅದರಲ್ಲೂ ಇದೆ, ಒಂದು ದಿನಕ್ಕೆ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚು ಅಳೆಯಲಾಗುವುದಿಲ್ಲ, ಹಿಂದಿನ ವರ್ಷಗಳಿಗೆ ಹೋಗುವ ದಾರಿಯಂತೂ ಇಲ್ಲ. ಆದರೂ ಅಳೆಯಬೇಕಾದ ಗೆರೆ ಯಾವುದು ಎಂಬುದು ತಿಳಿದದ್ದು ಅಲ್ಲಿಯೇ. ದೋಣಿಗಳನ್ನು ಎಲ್ಲಿಯವರೆಗೆ ಎಳೆದಿಡುತ್ತಾರೆ, ಹಿಂದಿನ ಮಳೆಗಾಲದಲ್ಲಿ ಬೇರು ಬಿಚ್ಚಿದ ತೆಂಗಿನ ಬುಡ ಎಲ್ಲಿದೆ ಎಂದು ಹಿರಿಯ ಮೀನುಗಾರರೊಬ್ಬರು ನಡೆದು ತೋರಿಸಿದರು. ನೀರಿನ ಅಂಚನ್ನು ಬಿಟ್ಟು, ಬಳ್ಳಿ ಹಬ್ಬಿದ ಮರಳಿನ ಅಂಚನ್ನು ಹಿಡಿದಾಗ ಉಬ್ಬರದ ಗೊಂದಲ ಬಹುಪಾಲು ತಪ್ಪಿತು, ಸೆಂಟಿನೆಲ್ ಚಿತ್ರದಲ್ಲಿಯೂ ಆ ಹಸಿರಂಚು ಸ್ಪಷ್ಟವಾಗಿ ಗುರುತಾಗುತ್ತದೆ.

ಒಂದನ್ನೇ ಆರಿಸಬೇಕಾದರೆ ನಾನು ನಡಿಗೆಯನ್ನೇ ಆರಿಸುತ್ತೇನೆ. ಪ್ರಬಂಧಕ್ಕೆ ಒಂದು ವರ್ಷವಷ್ಟೇ ಇರುವವರು ಮೇ ಕೊನೆಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಮತ್ತೊಮ್ಮೆ ಅದೇ ಹಸಿರಂಚಿನಲ್ಲಿ ನಡೆದು, ಆಮೇಲೆ ಸೆಂಟಿನೆಲ್ ಚಿತ್ರಗಳನ್ನು ಅದಕ್ಕೆ ಹೊಂದಿಸಿ ನೋಡಲಿ.