ಹತ್ತನೇ ಕ್ಲಾಸಿನ ಪ್ರಮೇಯ ನೋಟ್ಸ್: ರೇಖಾಗಣಿತ ಗಟ್ಟಿ, √2ರ ಪುಟ ತಿದ್ದಿಕೊಳ್ಳಿ

ಕಾಸರಗೋಡಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಈ ಕನ್ನಡ ಮಾಧ್ಯಮದ ನೋಟ್ಸ್ ಧಾರಾಳವಾಗಿ ಕೊಳ್ಳಬಹುದು. ಪೈಥಾಗೊರಸ್ ಪ್ರಮೇಯದ ಪುಟವಂತೂ ಅಚ್ಚುಕಟ್ಟು. ಲಂಬಕೋನ ತ್ರಿಭುಜದಲ್ಲಿ ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ (ಲಂಬಕೋನದ ಎದುರಿನ ಬದಿಗೆ) ಲಂಬ ಎಳೆದರೆ ಸಿಗುವ ಎರಡು ಚಿಕ್ಕ ತ್ರಿಭುಜಗಳೂ ದೊಡ್ಡದಕ್ಕೆ ಸಮರೂಪ, ಅಂದರೆ ಕೋನಗಳು ಅವೇ, ಅಳತೆ ಮಾತ್ರ ಬೇರೆ. ಹಾಗಾಗಿ ಉಳಿದೆರಡರಲ್ಲಿ ಪ್ರತಿ ಬದಿಯ ವರ್ಗ = ವಿಕರ್ಣದಲ್ಲಿ ಆ ಬದಿಗೆ ತಾಗಿದ ತುಂಡು × ಪೂರ್ತಿ ವಿಕರ್ಣ. ಎರಡನ್ನೂ ಕೂಡಿಸಿದರೆ ತುಂಡುಗಳು ಸೇರಿ ವಿಕರ್ಣದ ವರ್ಗವೇ ಬರುತ್ತದೆ. ಪ್ರತಿ ಸಾಲಿನ ಪಕ್ಕ ಕಾರಣ ಬರೆದಿದ್ದಾರೆ. ಮಕ್ಕಳು ಅಂಕ ಕಳೆದುಕೊಳ್ಳುವುದೇ ಅಲ್ಲಿ.

√2 ಅಭಾಗಲಬ್ಧ (ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ) ಎಂಬ ಸಾಧನೆಯಲ್ಲಿ ಮಾತ್ರ ದೊಡ್ಡ ಲೋಪವಿದೆ. √2 = ಪಿ/ಕ್ಯೂ ಎಂದು ಬರೆದವರು, ಇವೆರಡಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ ಎಂದು ಮೊದಲೇ ಹೇಳಿಲ್ಲ. ಆ ಮಾತಿಲ್ಲದಿದ್ದರೆ ಕೊನೆಗೆ ಎರಡೂ ಸಮಸಂಖ್ಯೆ ಎಂದು ಬಂದರೂ ವೈರುಧ್ಯ ಎಲ್ಲಿಂದ ಬರಬೇಕು? ಪಿ² ಸಮವಾದರೆ ಪಿ ಕೂಡ ಸಮ ಯಾಕೆ ಅನ್ನುವುದೂ ಬಿಟ್ಟುಹೋಗಿದೆ. ಬೆಸದ ವರ್ಗ ಬೆಸವೇ: (2ಕೆ+1)² = 2(2ಕೆ²+2ಕೆ)+1. ಇವನ್ನು ಪೆನ್ನಿನಲ್ಲಿ ಸೇರಿಸಿಕೊಳ್ಳಿ.

ನಕಲಿನ ನಕಲಾದ್ದರಿಂದ ಕೆಲವು ಪ್ರತಿಗಳಲ್ಲಿ ಲಂಬಕೋನದ ಚೌಕಗುರುತು ಮಾಸಿದೆ. ದುಡ್ಡು ಕೊಡುವ ಮೊದಲು ಚಿತ್ರಗಳ ಪುಟ ತಿರುವಿ ನೋಡಿ.