ಕಿಡ್ನಿ ಫಾಲೋಅಪ್: ಬೆಂಗಳೂರಾ, ಹಾಸನಾ, ಫೋನಾ?

ಅಪ್ಪನಿಗೆ ಶುಗರ್ ಹಳೆಯದು. ಅದರ ಹಿಂದೆಯೇ ಕಿಡ್ನಿ ತೊಂದರೆಯೂ ಬಂತು, ಈಗ ಐದು ಹಂತಗಳಲ್ಲಿ ಮೂರನೆಯದು. ಡಯಾಲಿಸಿಸ್ ಬೇಕಾಗಿಲ್ಲ, ಆದರೆ ತಪಾಸಣೆ ತಪ್ಪಿಸುವ ಹಾಗಿಲ್ಲ. ಬೆಂಗಳೂರಿನ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು), ಹಾಸನದ ನಮ್ಮ ಫಿಸಿಷಿಯನ್, ಮೊಬೈಲ್‌ನಲ್ಲಿ ವಿಡಿಯೊ ಕನ್ಸಲ್ಟೇಶನ್, ಮೂರನ್ನೂ ನೋಡಿಯಾಗಿದೆ.

ಬೆಂಗಳೂರಿನವರು ಒಂದು ನಂಬರ್ ನೋಡಿ ಗಾಬರಿ ಬೀಳುವುದಿಲ್ಲ. ಬಿಪಿ ಇಳಿಸಿ ಕಿಡ್ನಿ ಕಾಯುವ ಟೆಲ್ಮಿಸಾರ್ಟನ್ ಮಾತ್ರೆ ಶುರು ಮಾಡಿದ ಮೇಲೆ ಅಪ್ಪನ ಕ್ರಿಯಾಟಿನಿನ್ (ಕಿಡ್ನಿ ಸೋತಂತೆ ರಕ್ತದಲ್ಲಿ ಏರುವ ಕಸ) 1.8ರಿಂದ 2.1ಕ್ಕೆ ಏರಿತು. ಮಾತ್ರೆ ನಿಲ್ಲಿಸಬೇಕಾ ಎಂದು ಊರಿನ ಡಾಕ್ಟರಿಗೂ ಅನುಮಾನ, ಒಮ್ಮೆ ತೋರಿಸಿಕೊಂಡು ಬನ್ನಿ ಅಂದರು. ನೆಫ್ರಾಲಜಿಸ್ಟ್ ಹಳೆಯ ರಿಪೋರ್ಟ್‌ಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡರು. "ಶುರುವಿನಲ್ಲಿ ಶೇ 30ರವರೆಗೆ ಏರಿದರೂ ಈ ಮಾತ್ರೆ ನಿಲ್ಲಿಸೋದು ಬೇಡ. ಪೊಟ್ಯಾಸಿಯಂ ಸರಿಯಾಗಿದೆ, ಯೂರಿನ್‌ನಲ್ಲಿ ಪ್ರೋಟೀನ್ ಹೋಗೋದು ಕಡಿಮೆಯಾಗಿದೆ" ಅಂದರು. ಆ ಧೈರ್ಯ ಅನುಭವದಿಂದ ಬರುವಂಥದ್ದು. ಆದರೆ ಹೋಗಿ ಬರಲು ಇಡೀ ದಿನ ಬೇಕು, ಮಾತಾಡಲು ಸಿಗುವುದು ಕೆಲವೇ ನಿಮಿಷ.

ಹಾಸನದ ಡಾಕ್ಟರ್ ಕೇಳಿದ್ದೇ ಬೇರೆ. "ಯಜಮಾನ್ರೇ, ಮಂಡಿ ನೋವಿಗೆ ಏನು ತಗೊಳ್ತೀರಾ? ಮನೇಲಿರೋ ಮಾತ್ರೆ, ಪುಡಿ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ." ಚೀಲದಲ್ಲಿ ಅರ್ಧ ಖಾಲಿಯಾದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯ ಸ್ಟ್ರಿಪ್ ಇತ್ತು. ಅಂಗಡಿಯಿಂದ ಸುಮ್ನೆ ತಂದಿದ್ದು, ಕಿಡ್ನಿಗೆ ಅದೇ ದೊಡ್ಡ ಶತ್ರು. ಬಿಪಿಗೆ ಒಳ್ಳೆಯದು ಅಂತ ತಂದ 'ಲೋ ಸೋಡಿಯಂ' ಉಪ್ಪೂ ಇತ್ತು. ಅದರಲ್ಲಿ ಸ್ವಲ್ಪ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಕಿಡ್ನಿ ಸೋತರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರಬಹುದು, ಅಪ್ಪನಂಥವರಿಗೆ ಅಪಾಯ. ಎರಡನ್ನೂ ಅಲ್ಲೇ ಎತ್ತಿಟ್ಟರು. ಪ್ರತಿ ಸಲವೂ ಬಿಪಿ ನೋಡಿ, ಕಣಕಾಲನ್ನು ಬೆರಳಿಂದ ಒತ್ತಿ ಊತ ಇದೆಯಾ ಅಂತ ನೋಡುತ್ತಾರೆ.

ವಿಡಿಯೊದಲ್ಲಿ ಇದಾಗಲ್ಲ ಅಲ್ವಾ? ಬಂದ ರಿಪೋರ್ಟ್ ಓದಿಸಿ, ಡೋಸ್ ಬದಲಿಸಬೇಕಾ ಕೇಳಲು ಸಾಕು, ಅಷ್ಟೇ.

ನನ್ನ ಮೊದಲ ಓಟು ಹಾಸನಕ್ಕೇ. ತಿಂಗಳಿಗೊಮ್ಮೆ ಅಲ್ಲಿ, ಆರು ತಿಂಗಳಿಗೊಮ್ಮೆ ಬೆಂಗಳೂರು, ನಡುವೆ ಬೇಕಾದರೆ ಫೋನ್. ರಕ್ತ ಮಾತ್ರ ಯಾವಾಗಲೂ ಒಂದೇ ಲ್ಯಾಬಿನಲ್ಲಿ ಕೊಡಿಸುತ್ತೇವೆ. ಲ್ಯಾಬ್ ಬದಲಾದರೆ ಕ್ರಿಯಾಟಿನಿನ್ ಕೂಡ ಸ್ವಲ್ಪ ಆಚೀಚೆ ಆಗುತ್ತದೆ, ಏರಿದ್ದು ಕಾಯಿಲೆಯೋ ಮೆಷಿನ್ನೋ ಗೊತ್ತಾಗುವುದಿಲ್ಲ. ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎನ್ನುವ ಅಂದಾಜು ನಂಬರ್) 30ಕ್ಕಿಂತ ಕೆಳಗೆ ಹೋದವರಿಗೆ, ಬೇಗ ಬೇಗ ಇಳಿಯುತ್ತಿರುವವರಿಗೆ, ಯೂರಿನ್‌ನಲ್ಲಿ ಪ್ರೋಟೀನ್ ಜಾಸ್ತಿ ಹೋಗುವವರಿಗೆ ಈ ಲೆಕ್ಕ ಬೇಡ. ಅವರು ಮೊದಲು ನೆಫ್ರಾಲಜಿಸ್ಟ್ ಹತ್ತಿರವೇ ಹೋಗಲಿ.