ಮನೆಗೇ ಬಂದು ಕಾರಿನ ಗೀರು ತೆಗೆಯುವವರಿಗೆ ತೊಳೆದು ನೋಡದೆ ದುಡ್ಡು ಕೊಡಬೇಡಿ

ಬದಿಯಡ್ಕ, ಕುಂಬಳೆ, ಸೀತಾಂಗೋಳಿ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಮನೆ ಅಂಗಳಕ್ಕೇ ಬಂದು ಕಾರಿನ ಸ್ಕ್ರ್ಯಾಚ್ ತೆಗೆದು ಕೊಡ್ತೇವೆ, ಪೈಂಟ್ ಬೇಡ, ವರ್ಕ್‌ಶಾಪ್ ಬೇಡ" ಎಂಬ ಮೆಸೇಜು ನಿಮ್ಮ ಮೊಬೈಲಿಗೂ ಬಂದಿರಬಹುದು. ನನ್ನ 3,500 ರೂಪಾಯಿ ಹೋಯಿತು. ದುಡ್ಡು ಹೋದರೆ ಹೋಗಲಿ, ಬಾಗಿಲಿನ ಕಂಪನಿ ಪೈಂಟೂ ಹೋಯಿತು. ನನಗೆ ಸಿಟ್ಟು ಬಂದಿರುವುದು ಅದಕ್ಕೇ.

ನಮ್ಮ ಕಡೆಯ ಒಳದಾರಿ ಗೊತ್ತಲ್ಲ, ಎರಡೂ ಬದಿ ಮುರಕಲ್ಲಿನ ಕಾಂಪೌಂಡು. ಎದುರಿನಿಂದ ಬಂದ ಜೀಪಿಗೆ ದಾರಿ ಬಿಡುವಾಗ ಹಿಂದಿನ ಬಾಗಿಲಿಗೆ ಗೀರು ಬಿತ್ತು. ಹೆಚ್ಚಿನವು ಮೇಲ್ಮೇಲಿನವು. ಒಂದು ಮಾತ್ರ ಆಳ. ಉಗುರು ಆಡಿಸಿದರೆ ತಡೆಯುತ್ತಿತ್ತು, ಒಳಗಿನ ಬೂದು ಪ್ರೈಮರ್, ಅಂದರೆ ಬಣ್ಣದ ಅಡಿಗೆ ಹೊಡೆಯುವ ಲೇಪ, ಕಾಣುತ್ತಿತ್ತು. ಕೆಲಸಕ್ಕೆ ಬಂದವನಿಗೆ ಅದನ್ನು ಬೆರಳಿಟ್ಟು ತೋರಿಸಿದೆ. "ಇದೂ ಹೋಗ್ತದಾ?" ಅಂತ ಕೇಳಿದೆ. "ಹೋಗದೆ ಎಲ್ಲಿಗೆ ಮಾಷ್ಟ್ರೇ? ಗ್ಯಾರಂಟಿ ಉಂಟು" ಅಂದ. ಗ್ಯಾರಂಟಿ ಎಂಬ ಮಾತು ಅವನ ಬಾಯಿಂದಲೇ ಬಂದದ್ದು, ನೆನಪಿಡಿ.

ಮೊದಲು ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, ಹಾಕಿ ತಿಕ್ಕಿದ. ಯಾವ ನಂಬರಿನದು, ಅಂದರೆ ಎಷ್ಟು ನುಣುಪಿನದು, ಅಂತ ಕೇಳಿದರೆ "ಫೈನೇ ಉಂಟು" ಎಂಬ ಉತ್ತರ. ಆಮೇಲೆ ಕಾಂಪೌಂಡ್ ಎಂಬ ಉಜ್ಜುವ ಪೇಸ್ಟು ಹಾಕಿ ಮೆಷಿನ್ನಿನಲ್ಲಿ ತಿಕ್ಕಿ ಹೊಳಪು ಬರಿಸುವ ಬಫಿಂಗ್. ಕೊನೆಗೆ ಹೆಸರಿಲ್ಲದ ಡಬ್ಬಿಯಿಂದ ಬಿಳಿ ಕ್ರೀಮು ತೆಗೆದು ಸವರಿ, ಬಟ್ಟೆಯಲ್ಲಿ ಒರೆಸಿದ. ಆಳದ ಗೀರೂ ಮಾಯ! ನನ್ನ ಕಣ್ಣೆದುರೇ. ಹೆಂಡತಿಯನ್ನು ಕರೆದು ತೋರಿಸಿದೆ. ಪಕ್ಕದ ಮನೆಯವರು ಬಂದು ನೋಡಿ ಅವನ ನಂಬರ್ ತೆಗೆದುಕೊಂಡರು. ನಾನು ಅಲ್ಲೇ ಮೊಬೈಲಿನಲ್ಲಿ ದುಡ್ಡು ಹಾಕಿದೆ.

ಆ ಕ್ರೀಮಿನಲ್ಲೇ ಇದ್ದದ್ದು ಮೋಸ. ಅಂಥದ್ದರಲ್ಲಿ ಎಣ್ಣೆ, ಮೇಣದಂಥ ವಸ್ತು ಇರುತ್ತದೆ. ಅದು ಗೀರಿನೊಳಗೆ ತುಂಬಿಕೊಳ್ಳುತ್ತದೆ, ಅಷ್ಟೇ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ. ನನ್ನದು ಬೆಳ್ಳಿ ಬಣ್ಣದ ಕಾರು. ಬೂದು ಪ್ರೈಮರಿನ ಮೇಲೆ ಎಣ್ಣೆಯ ಹೊಳಪು ಬಿದ್ದರೆ ಗೀರು ಹುಡುಕಿದರೂ ಸಿಗುವುದಿಲ್ಲ.

ಉಪ್ಪಳದ ಒಂದು ಮದುವೆಗೆ ಹೋದಾಗ ಜೋರು ಮಳೆ ಬಂತು. ಊಟ ಮುಗಿಸಿ ಬಂದು ನೋಡಿದರೆ ಆ ಗೀರು ಇದ್ದಲ್ಲೇ ಇದೆ! ಇದ್ದಲ್ಲೇ! ಅದರ ಸುತ್ತ ಅಂಗೈ ಅಗಲಕ್ಕೆ ಹೊಳಪು ಸತ್ತು ಮಂಕಾಗಿದೆ. ಬಾಗಿಲಿನ ಮಡಿಕೆಯ ಗೆರೆ ಇದೆಯಲ್ಲ, ಅಲ್ಲಿ ಮೊದಲು ಗೀರೇ ಇರಲಿಲ್ಲ. ಈಗ ಅಲ್ಲೂ ಪ್ರೈಮರ್ ಕಾಣುತ್ತಿದೆ. ಭಾವ ಎಲ್ಲರೆದುರು ಕೇಳಿದರು, "ಇದು ರಿಪೇರಿ ಮಾಡಿಸಿದ್ದಾ, ಇನ್ನು ಮಾಡಿಸ್ಲಿಕ್ಕೆ ಉಂಟಾ?" ಎಂದು. ಏನು ಹೇಳಲಿ? ಮುಖ ಎತ್ತಲು ಆಗಲಿಲ್ಲ.

ಫೋನ್ ಮಾಡಿದೆ. ಅವನ ಉತ್ತರಗಳನ್ನು ಓದಿ. ಮೊದಲು, "ಅದು ಗೀರಲ್ಲ ಮಾಷ್ಟ್ರೇ, ನೀರಿನ ಕಲೆ. ಬಿಸಿಲು ಬಿದ್ರೆ ಹೋಗ್ತದೆ." ಬಿಸಿಲು ಬಿತ್ತು, ಹೋಗಲಿಲ್ಲ. ಫೋಟೋ ಕಳಿಸಿದೆ. "ನಿಮ್ಮ ಕಂಪನಿ ಪೈಂಟೇ ತೆಳು, ನಾನೆಂತ ಮಾಡ್ಲಿ?" ಗ್ಯಾರಂಟಿ ಹೇಳಿದ್ದಿಯಲ್ಲ ಅಂದೆ. ಆಗ ಬಂದ ಮಾತು ಇದು: "ಗ್ಯಾರಂಟಿ ಗೀರಿಗೆ. ಪೈಂಟಿಗೆ ಅಲ್ಲ." ಅಲ್ಲ ಮಾರಾಯ್ರೇ, ಗೀರಿರುವುದು ಪೈಂಟಿನಲ್ಲೇ ಅಲ್ವಾ? ಮತ್ತೆ ಆ ಗೀರಾದರೂ ಹೋಯಿತಾ? ಕೊನೆಗೆ, ಇಡೀ ಬಾಗಿಲಿಗೆ ಪೈಂಟ್ ಹೊಡೆಯಬೇಕು, ಇನ್ನೂ 6,000 ಆಗುತ್ತದೆ ಅಂದ. ಪೈಂಟ್ ಬೇಡ ಎಂದು ಹೇಳಿಕೊಂಡು ಬಂದವನೇ! ಈಗ ಫೋನೇ ಎತ್ತುವುದಿಲ್ಲ.

ಮಂಗಳೂರಿನ ಒಬ್ಬ ಹಳೆ ಪೈಂಟರಿಗೆ ತೋರಿಸಿದೆ. ಅವರು ಹೇಳಿದ್ದು ಇಷ್ಟು: ಬಣ್ಣದ ಮೇಲಿನ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಸಾಮಾನ್ಯವಾಗಿ 40-50 ಮೈಕ್ರಾನ್, ಅಂದರೆ ಸುಮಾರು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ಪಾಲಿಶ್ ಅಂದರೆ ಅದನ್ನೇ ಸವೆಸುವುದು. ಅದರೊಳಗಿನ ಗೀರು ಮಾತ್ರ ಹೋಗುತ್ತದೆ. ಪ್ರೈಮರ್ ಕಂಡ ಗೀರಿಗೆ ಬಣ್ಣವೇ ಬೇಕು. ಎಷ್ಟು ತಿಕ್ಕಿದರೂ ಸುತ್ತಲಿನದ್ದು ಹಾಳಾಗುವುದು ಬಿಟ್ಟರೆ ಬೇರೇನೂ ಇಲ್ಲ. ಮಡಿಕೆಯ ಗೆರೆಗೆ ಟೇಪ್ ಅಂಟಿಸಿಕೊಳ್ಳದೆ ಮೆಷಿನ್ ಹಿಡಿಯುವವನು ಕೆಲಸದವನೇ ಅಲ್ಲ ಅಂದರು. ಇವನು ಟೇಪ್ ತಂದೇ ಇರಲಿಲ್ಲ.

ಯಾರನ್ನಾದರೂ ಕರೆಸುವುದಿದ್ದರೆ ಮೊದಲು ಗೀರಿಗೆ ನೀರು ಸವರಿ ನೋಡಿ. ಒದ್ದೆಯಾದಾಗ ಕಾಣದಿದ್ದರೆ ಹೆಚ್ಚಾಗಿ ಪಾಲಿಶಿಗೆ ಹೋಗುತ್ತದೆ. ಒದ್ದೆಯಾದರೂ ಕಂಡರೆ, ಉಗುರು ತಡೆದರೆ, "ಪೈಂಟ್ ಬೇಡ" ಎನ್ನುವವನನ್ನು ಗೇಟಿನಿಂದಲೇ ಕಳಿಸಿ. ಕೆಲಸ ಆದ ಮೇಲೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಸಿ. ಐಸೋಪ್ರೊಪೈಲ್ ಆಲ್ಕೋಹಾಲ್ ಎಂಬ ಜಿಡ್ಡು ತೆಗೆಯುವ ಸ್ಪಿರಿಟನ್ನು ನೀರಿಗೆ ಬೆರೆಸಿ ಒರೆಸಿದರೆ ಇನ್ನೂ ಒಳ್ಳೆಯದು, ಒಳಗೆ ತುಂಬಿದ್ದು ಹೊರಗೆ ಬರುತ್ತದೆ. ಆಮೇಲೆ ದುಡ್ಡು. ಗ್ಯಾರಂಟಿ ಅಂದರೆ ಬರೆದು ಕೊಡಲಿ.

ಅವನ ಮೆಸೇಜು, ದುಡ್ಡು ಹಾಕಿದ ಲೆಕ್ಕ, ಫೋಟೋ ಎಲ್ಲ ತೆಗೆದಿಟ್ಟಿದ್ದೇನೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುತ್ತಿದ್ದೇನೆ. ನಿಮಗೂ ಹೀಗೇ ಆಗಿದ್ದರೆ ಸುಮ್ನೆ ಕೂರಬೇಡಿ, ನೀವೂ ಕೊಡಿ. ಪಕ್ಕದ ಮನೆಯವರಿಗೆ ಹೇಳಿ ಆ ನಂಬರ್ ಅಳಿಸಿ ಹಾಕಿಸಿದ್ದೇನೆ.